ಹಾಯಿಯ ಸುರುಳಿ

"ಗಾಳಿ ಬಂದಾಗ ತೂರಿಕೊ" ಎಂಬ ಗಾದೆಯು ನಮ್ಮ ಸೀಮೆಯಲ್ಲಿ ಬಾಯಿಬಾಯಿಗೂ ಇದೆ. ಗಾಳಿಗಾಗಿ ಕಾದು ಕಾದು ಕಣ್ಣು ಬಿಳುಪಾದ ಒಕ್ಕಲಿಗನು ಕಟ್ಟಿದ ಮಾತು ಅದು. ಆದರೆ ಗಾಳಿಯು ಬೇಕಾದುದಕ್ಕಿಂತ ಹೆಚ್ಚಾಗಿ ಬಂದರೆ ಏನು ಮಾಡತಕ್ಕದ್ದೆಂಬುದನ್ನು ಗಾದೆಯು ಹೇಳುವದಿಲ್ಲ. ಅದನ್ನು ಕಣದಲ್ಲಿ ನಿಂತವರೇ ಬಲ್ಲರು. ಮಸಗುಪ್ಪಿಯ ನಮ್ಮ ಕಣದಲ್ಲಿ ಜೋಳ ತೂರುವಾಗ ಗಾಳಿಯು ಬಿರುಸಾದರೆ ಹಿರಿಯರು ತಲೆಯ ಮೇಲೆತ್ತಿದ ಮೊರವನ್ನು ಎದೆಯ ಮಟ್ಟಕ್ಕೆ ಇಳಿಸುತ್ತಿದ್ದರು. ಕಾಳನ್ನು ಸಣ್ಣ ಧಾರೆಯಾಗಿ ಬಿಡುತ್ತಿದ್ದರು. ಇನ್ನೂ ಬಿರುಸಾಯಿತೆಂದರೆ ರಾಶಿಯ ಮೇಲೆ ಗೋಣಿತಟ್ಟು ಹೊದಿಸಿ, ಅಂಚಿಗೆ ಕಲ್ಲು ಹೇರಿ, ಬೇವಿನ ಗಿಡದ ಕೆಳಗೆ ಎಲೆಯಡಿಕೆ ಹಾಕಿಕೊಳ್ಳಲು ಕುಳಿತುಬಿಡುತ್ತಿದ್ದರು. ಗಾಳಿಯನ್ನು ಕಡಿಮೆ ಮಾಡುವದು ಯಾರ ಕೈಯಲ್ಲಿಯೂ ಇಲ್ಲ. ಗಾಳಿಗೆ ಒಡ್ಡತಕ್ಕ ವಸ್ತುವನ್ನು ಎಷ್ಟು ಒಡ್ಡಬೇಕೆಂಬುದು ಮಾತ್ರ ಮನುಷ್ಯನ ಕೈಯಲ್ಲಿರುತ್ತದೆ.

ನಾನು ಬರೆಯಹೊರಟಿರುವದು ಹಾಯಿದೋಣಿಯ ಒಂದು ಸಣ್ಣ ಉಪಕರಣದ ವಿಷಯವನ್ನು. ಸಮುದ್ರವನ್ನು ಕಾಣಬೇಕಾದರೆ ಘಟ್ಟವನ್ನಿಳಿಯಬೇಕಾದ ನಮ್ಮವರಿಗೆ ಹಾಯಿಯ ಮಾತು ಏತಕ್ಕೆಂದು ವಾಚಕರು ಕೇಳಬಹುದು. ಘಟಪ್ರಭೆಯಲ್ಲಿ ನಮ್ಮ ಹಿರಿಯರು ಕಂಡದ್ದು ಹರಿಗೋಲು; ಅದಕ್ಕೆ ಹಾಯಿಯಿಲ್ಲ, ಮುಂದು ಹಿಂದು ಎಂಬ ಭೇದವೂ ಇಲ್ಲ. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಅದೇ ಘಟಪ್ರಭೆಗೆ ಕಟ್ಟೆ ಹಾಕಿ ನಿಲ್ಲಿಸಿದ ನೀರು ಆಳವಾಗಿಯೂ ವಿಶಾಲವಾಗಿಯೂ ಇದ್ದರೂ ನಾನು ಅಲ್ಲಿಗೆ ಹೋದಾಗ ಕಂಡದ್ದು ಮೀನುಗಾರರ ತೆಪ್ಪಗಳನ್ನು ಮಾತ್ರವೇ. ಹೀಗಿದ್ದರೂ ನಮ್ಮ ಬೆಳಗಾವಿ ಜಿಲ್ಲೆಗೂ ಹಾಯಿಗೂ ನಂಟಿಲ್ಲವೆನ್ನುವಂತಿಲ್ಲ. ಖಾನಾಪುರ ತಾಲೂಕಿನ ಕಾಡಿನಲ್ಲಿ ಹುಟ್ಟಿ ಪಶ್ಚಿಮಕ್ಕೆ ಹರಿಯುವ ಮಹದಾಯಿಯು ಗೋವೆಯಲ್ಲಿ ಮಾಂಡೋವಿ ಎನಿಸಿಕೊಳ್ಳುತ್ತಾಳೆ. ಆ ನದಿಯ ದಿವಾಡಿ ದ್ವೀಪದಲ್ಲಿ ಕಟ್ಟಿ, ಆ ನದಿಯ ಹೆಸರನ್ನೇ ಇಟ್ಟ 'ಮ್ಹಾದೇಯಿ' ಎಂಬ ೫೬ ಅಡಿ ಉದ್ದದ ಹಾಯಿದೋಣಿಯನ್ನು ೨೦೦೯ರಲ್ಲಿ ನಮ್ಮ ನೌಕಾಪಡೆಗೆ ಸೇರಿಸಿದರು. ಅದೇ ವರ್ಷದ ಆಗಸ್ಟಿನಲ್ಲಿ ದಿಲೀಪ ದೋಂದೆಯವರು ಒಬ್ಬರೇ ಅದನ್ನು ಮುಂಬಯಿಯಿಂದ ಹೊರಡಿಸಿ, ನಡುವೆ ನಾಲ್ಕು ಬಂದರುಗಳಲ್ಲಿ ನಿಂತು, ೨೦೧೦ರ ಮೇ ತಿಂಗಳಿನಲ್ಲಿ ಭೂಮಿಯನ್ನು ಸುತ್ತಿ ಬಂದರು. ಒಂಟಿಯಾಗಿ ಹಾಗೆ ಸುತ್ತಿದ ಭಾರತೀಯರಲ್ಲಿ ಅವರೇ ಮೊದಲಿಗರು. ಬಳಿಕ ಅಭಿಲಾಷ ಟಾಮಿಯವರು ಅದೇ ದೋಣಿಯಲ್ಲಿ ೨೦೧೨ರ ನವೆಂಬರ ೧ಕ್ಕೆ ಹೊರಟು, ಎಲ್ಲಿಯೂ ನಿಲ್ಲದೆ, ೨೦೧೩ರ ಮಾರ್ಚ ೩೧ಕ್ಕೆ ತಿರುಗಿ ಬಂದರು. ನದಿಯ ನೀರಿನ ಹಂಚಿಕೆಗಾಗಿ ರಾಜ್ಯ ರಾಜ್ಯಗಳು ವ್ಯಾಜ್ಯವಾಡುತ್ತಿರಲು, ನದಿಯ ಹೆಸರು ಮಾತ್ರ ಯಾರನ್ನೂ ಕೇಳದೆ ಲೋಕವನ್ನೆಲ್ಲ ಸುತ್ತಿತು.

ನನ್ನ ತಂಗಿಯ ಮಗನ ದೋಣಿಯು ಅಂಥ ಸಾಹಸದ್ದಲ್ಲ. ಗೋವೆಯಲ್ಲಿ ಕೆಲಸಕ್ಕಿರುವ ಅವನು ಯಾರೋ ಬಳಸಿ ಬಿಟ್ಟ ೨೪ ಅಡಿಯ ದೋಣಿಯೊಂದನ್ನು ಕೊಂಡು, ರಜೆಯ ದಿನಗಳಲ್ಲಿ ಜುವಾರಿ ನದಿಯ ಮುಖದಲ್ಲಿ ಅದನ್ನು ನಡೆಸುತ್ತಾನೆ. ವರ್ಷಕ್ಕೆ ಎರಡು ಮೂರು ಸಾರೆ ನಾನು ಚೋರ್ಲಾ ಘಟ್ಟವನ್ನಿಳಿದು ಅವನಲ್ಲಿಗೆ ಹೋಗುವದುಂಟು. ಹೋದಾಗಲೆಲ್ಲ ದೋಣಿಯ ಹಿಂಭಾಗದಲ್ಲಿ ಒಂದು ಮೂಲೆಯು ನನಗಾಗಿ ಕಾದಿರುತ್ತದೆ. ಕೈಗೆ ಒಂದು ಹಗ್ಗವನ್ನೂ ಕೊಡುತ್ತಾನೆ. "ಮಾಮಾ, ಹಗ್ಗಾ ಹಿಡೀರಿ, ಕೈಗೆ ಮಾತ್ರ ಸುತ್ತಿಗೋಬ್ಯಾಡ್ರಿ" ಎಂಬುದು ಅವನು ನನಗೆ ಕಲಿಸಿದ ಮೊದಲನೆಯ ಪಾಠ.

ಇಂಥ ಸಣ್ಣ ದೋಣಿಗೆ ಸಾಧಾರಣವಾಗಿ ಎರಡು ಹಾಯಿಗಳಿರುತ್ತವೆ. ನಡುವಿನ ಕಂಬಕ್ಕೆ ಬೆನ್ನು ಹಚ್ಚಿ ಹಿಂದಕ್ಕೆ ಚಾಚಿಕೊಂಡಿರುವದು ದೊಡ್ಡ ಹಾಯಿ. ಕಂಬದ ತಲೆಯಿಂದ ದೋಣಿಯ ಮುಂತುದಿಯವರೆಗೆ ಓರೆಯಾಗಿ ಬಿಗಿದ ಉಕ್ಕಿನ ತಂತಿಹಗ್ಗದ ಗುಂಟ ಏರುವದು ಮುಂದಿನ ಹಾಯಿ. ಇದನ್ನು ಅದರ ಅಳತೆಯ ಮೇಲಿಂದ ಜಿಬ್ ಎಂದೂ ಜೆನೋವಾ ಎಂದೂ ಕರೆಯುತ್ತಾರೆ. ಹಿಂದಿನ ಪದ್ಧತಿಯಲ್ಲಿ ಈ ಮುಂದಿನ ಹಾಯಿಯನ್ನು ಸಾಲಾಗಿ ಕೊಂಡಿಗಳಿಂದ ತಂತಿಗೆ ಸಿಕ್ಕಿಸುತ್ತಿದ್ದರು. ಗಾಳಿ ಹೆಚ್ಚಾಯಿತೆಂದರೆ ಒಬ್ಬನು ಮುಂತುದಿಗೆ ಹೋಗಿ, ದೊಡ್ಡದನ್ನಿಳಿಸಿ, ಒದ್ದೆಯಾದ ಬಟ್ಟೆಯನ್ನು ಮೊಳಕಾಲಿನಿಂದ ಅದುಮಿ ಹಿಡಿದು, ಕೊಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಸಣ್ಣದನ್ನು ಏರಿಸಬೇಕು. ದೋಣಿಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಎದ್ದು ಬೀಳುವ ಸ್ಥಳವೇ ಆ ಮುಂತುದಿ. ಅಲ್ಲಿಗೆ ಹೋಗಬೇಕಾಗುವದು ಗಾಳಿ ಕೆರಳಿದಾಗಲೇ. ಅಲ್ಲದೆ ಗಾಳಿಯ ಲೆಕ್ಕವು ನಾವು ಎಣಿಸಿದಂತಿಲ್ಲ. ಗಾಳಿಯ ವೇಗವು ಇಮ್ಮಡಿಯಾದರೆ ಹಾಯಿಯ ಮೇಲಿನ ಒತ್ತಡವು ನಾಲ್ಮಡಿಯಾಗುತ್ತದೆ. ೧೦ ನಾಟಿನ ಗಾಳಿಯಲ್ಲಿ ಎಳೆಯ ಕರುವಿನಂತೆ ಜಗ್ಗುವ ಹಾಯಿಯು ೨೦ ನಾಟಿಗೆ ಜೋಡೆತ್ತಿನಂತೆ ಜಗ್ಗುವದು.

ಈಗಿನ ಉಪಕರಣವು ಈ ಹೋಗಿಬರುವಿಕೆಯನ್ನು ತಪ್ಪಿಸುತ್ತದೆ. ಶಾಲೆಯ ಗೋಡೆಗೆ ತೂಗಹಾಕಿದ ನಕಾಶೆಯನ್ನು ಕೋಲಿಗೆ ಸುತ್ತಿಡುವದನ್ನು ಎಲ್ಲರೂ ಕಂಡಿರುವರಷ್ಟೆ. ಆ ಕೋಲನ್ನು ನೆಟ್ಟಗೆ ನಿಲ್ಲಿಸಿದರೆಂದು ತಿಳಿಯಿರಿ. ಓರೆಯಾದ ತಂತಿಹಗ್ಗದ ಸುತ್ತಲೂ ಅಲ್ಯುಮಿನಿಯಮ್ಮಿನ ಉದ್ದನೆಯ ಕೊಳವೆಯನ್ನು ತೊಡಿಸಿರುತ್ತಾರೆ; ಅದರ ಮೈಗುಂಟ ಒಂದು ಸೀಳುಗಾಲಿವೆ. ಹಾಯಿಯ ಮುಂದಿನ ಅಂಚು ಆ ಗಾಲಿವೆಯಲ್ಲಿ ಸೇರಿ ಮೇಲಕ್ಕೇರುತ್ತದೆ. ಕೊಳವೆಯ ಬುಡದಲ್ಲಿ ಒಂದು ಉರುಳೆ. ತಲೆಯಲ್ಲಿ, ಹಾಯಿಯೊಡನೆ ತಿರುಗಿದರೂ ಅದನ್ನೇರಿಸುವ ಹಗ್ಗವನ್ನು ತಿರುಚದಂಥ ಒಂದು ತಿರುಗಣೆ. ಉರುಳೆಗೆ ಸುತ್ತಿದ ಸಣ್ಣ ಹಗ್ಗವು ದೋಣಿಯ ಅಂಚಿನ ಗುಂಟ ನಾವು ಕುಳಿತಲ್ಲಿಯವರೆಗೆ ಬರುತ್ತದೆ. ಆ ಹಗ್ಗವನ್ನೆಳೆದರೆ ಉರುಳೆ ತಿರುಗಿ, ಕೊಳವೆ ತಿರುಗಿ, ಹಾಯಿಯು ತನ್ನಷ್ಟಕ್ಕೆ ತಾನೇ ಸುರುಳಿಯಾಗುವದು. ಬಿಚ್ಚಬೇಕಾದರೆ ಹಾಯಿಯ ಹಿಂದಿನ ಮೂಲೆಗೆ ಕಟ್ಟಿದ ಇನ್ನೊಂದು ಹಗ್ಗವನ್ನೆಳೆಯಬೇಕು. ಈ ಹಗ್ಗಕ್ಕೆ ಇಂಗ್ಲಿಷರು 'ಶೀಟ್' ಎನ್ನುತ್ತಾರೆ. ಬಟ್ಟೆಗಲ್ಲ, ಹಗ್ಗಕ್ಕೆ! ಒಂದು ಜನಾಂಗವು ಸಮುದ್ರದ ಮೇಲೆ ಬಹಳ ಕಾಲ ಕಳೆದರೆ ಭಾಷೆಯು ಹೀಗಾಗುವದೆಂದು ತೋರುತ್ತದೆ. ಹಾಯಿ ಬಿಚ್ಚಿದಷ್ಟೂ ಸಣ್ಣ ಹಗ್ಗವು ಉರುಳೆಗೆ ಸುತ್ತಿಕೊಳ್ಳುತ್ತದೆ. ಹಾಯಿ ಸುತ್ತಿದಷ್ಟೂ ಅದು ಬಿಚ್ಚಿಕೊಂಡು ನಮ್ಮ ಕೈಗೆ ಬರುತ್ತದೆ. ಈ ಎದುರುಬದುರಿನ ಲೆಕ್ಕವನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುವದು.

ಇಷ್ಟರಿಂದಲೇ ಎಲ್ಲವೂ ಸುಗಮವಾಯಿತೆಂದು ತಿಳಿಯಬಾರದು. ಹಾಯಿಯನ್ನು ಪೂರಾ ಸುತ್ತಿ ಮುಚ್ಚಿಡುವದು ಬೇರೆ, ಅರೆ ಸುತ್ತಿ ಕಿರಿದು ಮಾಡಿ ಅದರಿಂದ ಕೆಲಸ ತೆಗೆದುಕೊಳ್ಳುವದು ಬೇರೆ. ಮೊದಲನೆಯದಕ್ಕೆ ಫರ್ಲ್ ಎಂದೂ ಎರಡನೆಯದಕ್ಕೆ ರೀಫ್ ಎಂದೂ ಹೆಸರು. ಕೊಡೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಳ್ಳುವದಕ್ಕೂ, ಬಿರುಗಾಳಿಯಲ್ಲಿ ಅರ್ಧ ಮಡಚಿ ತಲೆಯ ಮೇಲೆ ಹಿಡಿಯುವದಕ್ಕೂ ಇರುವ ಅಂತರವೇ ಇದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಇಂಗ್ಲಂಡಿನಲ್ಲಿ ವೈಕ್‌ಹ್ಯಾಮ್-ಮಾರ್ಟಿನ್ ಎಂಬ ಹೆಸರಿನ ಉಪಕರಣವು ಬಳಕೆಗೆ ಬಂದಿದ್ದಿತು. ಅದರಲ್ಲಿ ಹಾಯಿಯು ತನ್ನ ಅಂಚಿನೊಳಗಿನ ತಂತಿಯ ಸುತ್ತಲೇ ಸುತ್ತಿಕೊಳ್ಳುತ್ತಿತ್ತು. ಅದು ಮುಚ್ಚಲು ಬಹಳ ಅನುಕೂಲ. ಆದರೆ ಅರ್ಧದಲ್ಲಿ ನಿಲ್ಲಿಸಿದರೆ ಬರಿಯ ತಂತಿಯು ತಿರುಚಿಕೊಂಡು, ಬುಡವೊಂದು ಸುತ್ತು ತಿರುಗಿದರೆ ತಲೆಯು ಅರೆಸುತ್ತು ತಿರುಗಿ, ಹಾಯಿಯು ಕೆಲಸಕ್ಕೆ ಬಾರದಾಗುತ್ತಿತ್ತು. ಗಟ್ಟಿಯಾದ ಕೊಳವೆಯು ಬಂದ ಮೇಲೆಯೇ ಅರೆ ಸುತ್ತಿ ನಡೆಸುವದು ಸಾಧ್ಯವಾಯಿತು.

ಆಗಲೂ ಒಂದು ಕೊರತೆಯು ಉಳಿಯಿತು. ಹಾಯಿಯು ಹಾಸಿದ ಜಮಖಾನೆಯಂತೆ ಚಪ್ಪಟೆಯಾದ ವಸ್ತುವಲ್ಲ. ಗಾಳಿಯನ್ನು ಹಿಡಿಯಲೆಂದು ಅದಕ್ಕೆ ನಡುವಿನಲ್ಲಿ ಜೋಳಿಗೆಯಂತೆ ಒಂದು ಹೊಟ್ಟೆಯನ್ನಿಟ್ಟು ಹೊಲಿದಿರುತ್ತಾರೆ. ಅಂಥದನ್ನು ಕೋಲಿಗೆ ಸುತ್ತಿದರೆ ಮೇಲಿನ ಕೆಳಗಿನ ಕೊನೆಗಳು ಬಿಗಿಯಾಗಿ, ನಡುವಿನ ಬಟ್ಟೆಯು ಸಡಿಲಾಗಿ ಉಬ್ಬಿಕೊಳ್ಳುವದು. ಬಿರುಗಾಳಿಯಲ್ಲಿ ಚಪ್ಪಟೆಯಾದ ಹಾಯಿ ಬೇಕು. ಆದರೆ ಸುತ್ತಿದಷ್ಟೂ ಅದಕ್ಕೆ ಹೊಟ್ಟೆ ಬರುತ್ತದೆ! ಇದಕ್ಕೆ ಪರಿಹಾರವಾಗಿ ಹಾಯಿಯ ಮುಂದಿನ ಅಂಚಿನೊಳಗೆ, ನಡುವೆ ದಪ್ಪವಾಗಿ ಕೊನೆಗಳಲ್ಲಿ ತೆಳ್ಳಗಾಗುವ ಮೆತ್ತನೆಯ ಪಟ್ಟಿಯನ್ನು ಹೊಲಿಯುತ್ತಾರೆ; ಆ ದಪ್ಪವು ನಡುವಿನ ಹೆಚ್ಚಿನ ಬಟ್ಟೆಯನ್ನು ನುಂಗಿಕೊಳ್ಳುವದು. ಅದರ ಮೇಲೆ, ಹಾಯಿಯು ಕಿರಿದಾದಂತೆ ಶೀಟಿನ ಹಗ್ಗವು ಹಾಯುವ ಗಾಲಿಯನ್ನೂ ಮುಂದಕ್ಕೆ ಸರಿಸಬೇಕು. ಇಲ್ಲವಾದರೆ ಹಾಯಿಯ ಮೇಲ್ಭಾಗವು ಬಾಯಿ ತೆರೆದು ಪಟಪಟಿಸುವದು. ಇಷ್ಟೆಲ್ಲ ಮಾಡಿದರೂ ಮೂರರಲ್ಲೊಂದು ಪಾಲಿನವರೆಗೆ ಸುತ್ತಿದರೆ ಚೆನ್ನ. ಅದಕ್ಕೂ ಮೀರಿದರೆ ಅದು ಹಾಯಿಯೂ ಅಲ್ಲ, ಗಂಟುಮೂಟೆಯೂ ಅಲ್ಲ. ಬಿರುಗಾಳಿಗೆಂದೇ ದಪ್ಪ ಬಟ್ಟೆಯಲ್ಲಿ ಹೊಲಿದ ಸಣ್ಣ ಹಾಯಿಯ ಸರಿಯನ್ನು ಸುತ್ತಿದ ಹಾಯಿಯು ಎಂದಿಗೂ ಗಳಿಸಲಾರದು. ಕೊಂಡಿಯ ಹಾಯಿಯನ್ನೇ ನೆಚ್ಚಿದ ಹಳೆಯ ನಾವಿಕರು ಈ ಮಾತನ್ನು ಎತ್ತಿ ಆಡುತ್ತಾರೆ. ಅವರ ಮಾತಿನಲ್ಲಿ ಸತ್ಯವಿದೆ. ಆದರೆ ಹಾಯಿಯ ಸೊಬಗನ್ನೂ ಮನುಷ್ಯನ ಜೀವವನ್ನೂ ತಕ್ಕಡಿಯಲ್ಲಿಟ್ಟರೆ ನಾನು ಸೊಬಗಿನ ಕಡೆಗೆ ವಾಲುವವನಲ್ಲ.

ಈ ವಿಚಾರವು ಹೊಸತಲ್ಲ. ೧೯೬೦ರಲ್ಲಿ ಅಟ್ಲಾಂಟಿಕ ಸಮುದ್ರವನ್ನು ಒಂಟಿಯಾಗಿ ದಾಟುವ ಮೊದಲ ಪಂದ್ಯವು ನಡೆದಾಗ ಹ್ಯಾಸ್ಲರ್ ಎಂಬ ಸೈನ್ಯಾಧಿಕಾರಿಯು 'ಜೆಸ್ಟರ್' ಎಂಬ ೨೫ ಅಡಿಯ ದೋಣಿಗೆ ಮುಂದಿನ ಹಾಯಿಯನ್ನೇ ಇಡಲಿಲ್ಲ. ಚೀನೀಯರ ರೀತಿಯಲ್ಲಿ ಅಡ್ಡಪಟ್ಟಿಗಳನ್ನು ಜೋಡಿಸಿದ ಒಂದೇ ಹಾಯಿಯನ್ನು ಕಟ್ಟಿ, ಒಂದು ಸಣ್ಣ ಕಿಂಡಿಯಲ್ಲಿ ನಿಂತು ಎಲ್ಲ ಹಗ್ಗಗಳನ್ನೂ ಆಡಿಸಿದನು. ಚಿಚೆಸ್ಟರನು ೪೦ ದಿನಗಳಲ್ಲಿ ಮೊದಲಿಗನಾಗಿ ದಾಟಿದರೆ, ಹ್ಯಾಸ್ಲರನು ೪೮ ದಿನಗಳಲ್ಲಿ ಎರಡನೆಯವನಾಗಿ ದಾಟಿದನು. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಮುಂಬಯಿಯಲ್ಲಿ ಸಾಗವಾನಿಯಿಂದ ಕಟ್ಟಿದ ೩೨ ಅಡಿಯ 'ಸುಹೈಲಿ'ಯಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್‌ರು ೧೯೬೮ರ ಜೂನ ೧೪ಕ್ಕೆ ಹೊರಟು ೧೯೬೯ರ ಏಪ್ರಿಲ ೨೨ಕ್ಕೆ ಮರಳಿದರು. ಒಂಟಿಯಾಗಿ, ಎಲ್ಲಿಯೂ ನಿಲ್ಲದೆ ಭೂಮಿಯನ್ನು ಸುತ್ತಿದವರಲ್ಲಿ ಅವರೇ ಮೊದಲಿಗರು. ಹಾಯಿ ಬದಲಿಸಬೇಕಾದಾಗಲೆಲ್ಲ ಅವರು ಮುಂದಕ್ಕೆ ಹೋಗಿ ಕೈಯಿಂದಲೇ ಬದಲಿಸುತ್ತಿದ್ದರು. ೩೧೨ ದಿನ ಹೀಗೆ ಹೋಗಿ ಬಂದು ಬದುಕಿದವರಿದ್ದಾರೆಂಬುದು ನಿಜ. ಹೋಗಿ ಬಾರದವರು ಪುಸ್ತಕ ಬರೆಯುವದಿಲ್ಲವೆಂಬುದೂ ನಿಜ.

ಸುರುಳಿಯ ಹಾಯಿಯು ಎಲ್ಲವನ್ನೂ ಕಾಯುವದೆಂದು ಹೇಳುವವನೂ ನಾನಲ್ಲ. ಅಭಿಲಾಷ ಟಾಮಿಯವರು ಸುಹೈಲಿಯನ್ನೇ ಹೋಲುವಂತೆ ಗೋವೆಯಲ್ಲಿ ಕಟ್ಟಿದ 'ತುರೀಯ'ದಲ್ಲಿ ಮತ್ತೊಂದು ಪಂದ್ಯಕ್ಕೆ ಹೋದಾಗ, ೨೦೧೮ರ ಸೆಪ್ಟೆಂಬರ ೨೧ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ದೋಣಿಯು ಉರುಳಿ ಕಂಬಗಳು ಮುರಿದವು. ಬೆನ್ನುಮೂಳೆಗೆ ಪೆಟ್ಟು ಬಿದ್ದು ಮಲಗಿದ್ದ ಅವರನ್ನು ಮೂರು ದಿನಗಳ ಮೇಲೆ ಫ್ರೆಂಚರ 'ಓಸಿರಿಸ್' ಎಂಬ ಹಡಗು ಬಂದು ಎತ್ತಿಕೊಂಡಿತು. ಅಂಥ ಸಮುದ್ರದ ಮುಂದೆ ಯಾವ ಉರುಳೆಯ ಆಟವೂ ನಡೆಯದು. (ಅವರೇ ೨೦೨೩ರ ಏಪ್ರಿಲಿನಲ್ಲಿ ಅದೇ ಪಂದ್ಯವನ್ನು ಎರಡನೆಯವರಾಗಿ ಮುಗಿಸಿದರೆಂಬುದನ್ನು ಬರೆಯದೆ ಮುಂದಕ್ಕೆ ಹೋಗಲು ಮನಸ್ಸು ಬಾರದು.)

ಇನ್ನು ನಮ್ಮ ಮನೆಯ ಮಾತು. ನನ್ನ ತಂಗಿಗೆ ಇವನೊಬ್ಬನೇ ಮಗ. ದೋಣಿಯ ಸುದ್ದಿಯನ್ನು ತೆಗೆದ ದಿನ ಅವಳು ಅಳಲಿಲ್ಲ, ಬೈಯಲಿಲ್ಲ. ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ದೋಣಿಯ ಚಿತ್ರವನ್ನು ತರಿಸಿ ನೋಡಿದಳು. ಬಳಿಕ ಬೆರಳನ್ನು ಮುಂತುದಿಯ ಮೇಲಿಟ್ಟು, "ದೋಣಿ ತಗೋ, ಬ್ಯಾಡ ಅನ್ನೂದಿಲ್ಲ. ಆದ್ರ ಗಾಳಿ ಎದ್ದಾಗ ಒಬ್ಬನ ಈ ಚೂಪಿನ ಕಡೆ ಹೋಗಬಾರದು" ಎಂದು ಶರತ್ತು ಹಾಕಿದಳು. ಸಮುದ್ರವನ್ನು ಎರಡೇ ಸಾರೆ ಕಂಡ ಹೆಂಗಸು, ದೋಣಿಯಲ್ಲಿ ಎಲ್ಲಿ ಅಪಾಯವಿದೆಯೆಂಬುದನ್ನು ಚಿತ್ರ ನೋಡಿಯೇ ಹೇಳಿದಳಲ್ಲ ಎಂದು ಅವನು ಬೆರಗಾದನು. ದೋಣಿಯ ಬೆಲೆಗೆ ಹೋಲಿಸಿದರೆ ಸಣ್ಣದೇನೂ ಅಲ್ಲದ ಹಣವನ್ನು ಸುರಿದು ಅವನು ಸುರುಳಿಯ ಉಪಕರಣವನ್ನು ಕೂಡಿಸಿದ್ದು ಈ ಶರತ್ತಿಗಾಗಿಯೇ.

ಒಂದು ವೈಶಾಖದ ಸಂಜೆ. ಗೋವೆಯ ಕರಾವಳಿಯಲ್ಲಿ ಆ ದಿನಗಳಲ್ಲಿ ಮಧ್ಯಾಹ್ನದ ಮೇಲೆ ಸಮುದ್ರದ ಕಡೆಯಿಂದ ವಾಯವ್ಯದ ಗಾಳಿಯು ಬರುವದು ವಾಡಿಕೆ. ನಾವು ಹೊರಡುವಾಗಲೇ ಅದು ಚುರುಕಾಗಿತ್ತು. ಹಾಯಿಯನ್ನು ಬಿಚ್ಚುತ್ತಲೇ ಗಾಳಿಯು ಅದನ್ನು ಅವನ ಕೈಯಿಂದ ಕಿತ್ತುಕೊಂಡಂತೆ ಒಮ್ಮೆಲೇ ತೆರೆಯಿತು. ಸಣ್ಣ ಹಗ್ಗವು ಸರ್ರನೆ ಉರುಳೆಗೆ ಓಡಿತು. ಎರಡು ತಾಸು ಸುಖವಾಗಿ ಕಳೆದವು. ತಿರುಗಿ ಬರುವ ಹೊತ್ತಿಗೆ ಘಟ್ಟದ ಕಡೆಗೆ ಮುಗಿಲು ಕಪ್ಪಾಯಿತು. ನಮ್ಮ ಬಯಲುಸೀಮೆಯವರಿಗೆ ಪರಿಚಿತವಾದ ಅಡ್ಡಮಳೆಯೇ ಅದು. ಆದರೆ ಅಲ್ಲಿ ಅದು ಗಾಳಿಯ ದಿಕ್ಕನ್ನೇ ತಿರುಗಿಸಿ ನೆಲದಿಂದ ಸಮುದ್ರದ ಕಡೆಗೆ ಬೀಸುತ್ತದೆ. ಮೊದಲಿನ ಗಾಳಿ ಸತ್ತಿತು; ನೀರು ಎಣ್ಣೆಯಂತೆ ನಿಂತಿತು; ಮಣ್ಣಿನ ವಾಸನೆ ಬಂದಿತು. "ಮಾಮಾ, ಇದು ಚಲೋ ಅಲ್ಲ" ಎಂದವನೇ ಅಳಿಯನು ದೊಡ್ಡ ಹಾಯಿಯನ್ನು ಕುಗ್ಗಿಸಿದನು. ಮುಂದಿನದಕ್ಕೆ ಕೈಹಾಕುವಷ್ಟರಲ್ಲಿ ಗಾಳಿಯು ಬಿದ್ದಿತು.

ಅವನು ದೋಣಿಯ ಬೆನ್ನನ್ನು ಗಾಳಿಗೆ ತಿರುಗಿಸಿ, ದೊಡ್ಡ ಹಾಯಿಯ ಮರೆಯಲ್ಲಿ ಮುಂದಿನ ಹಾಯಿಯ ಭಾರವನ್ನು ತಗ್ಗಿಸಿ, ಸಣ್ಣ ಹಗ್ಗವನ್ನು ಎಳೆಯಲಾರಂಭಿಸಿದನು. ನಾನು ಶೀಟನ್ನು ಬಿಡುತ್ತ, ಪೂರಾ ಸಡಿಲಾಗದಂತೆ ನೋಡಿಕೊಳ್ಳುತ್ತ ಇದ್ದೆನು. ಮೂರರಲ್ಲೊಂದು ಪಾಲು ಸುತ್ತಿತ್ತೋ ಏನೋ, ಹಗ್ಗವು ಗೋಡೆಗೆ ಕಟ್ಟಿದಂತೆ ನಿಂತುಬಿಟ್ಟಿತು.

ಇಲ್ಲಿಯ ಇಕ್ಕಟ್ಟನ್ನು ತಿಳಿಸಿ ಹೇಳಬೇಕು. ಕೊಂಡಿಯ ಹಾಯಿಯಾಗಿದ್ದರೆ ಏರುಹಗ್ಗವನ್ನು ಬಿಟ್ಟೊಡನೆ ಅದು ಹೇಗಾದರೂ ಕೆಳಗೆ ಬೀಳುವದು. ಅರೆ ಸುತ್ತಿದ ಹಾಯಿಯು ಹಾಗಲ್ಲ. ತನ್ನ ಸುರುಳಿಯಲ್ಲಿಯೇ ಸಿಕ್ಕಿರುವದರಿಂದ ಅದನ್ನು ಇಳಿಸಲೂ ಬಾರದು. ಸುತ್ತಬೇಕು, ಇಲ್ಲವೆ ಪೂರಾ ಬಿಚ್ಚಬೇಕು. ಪೂರಾ ಬಿಚ್ಚುವ ಕಾಲವು ಅದಾಗಿರಲಿಲ್ಲ. ಗಾಳಿಯಾದರೋ ನಮ್ಮನ್ನು ಕ್ಷಣಕ್ಷಣಕ್ಕೂ ಹೊರಸಮುದ್ರದ ಕಡೆಗೆ ಒಯ್ಯುತ್ತಿತ್ತು. ಮುರಗಾಂವ ಬಂದರದ ಹೊರಗೆ ಲಂಗರು ಹಾಕಿ ನಿಂತ ದೊಡ್ಡ ಹಡಗುಗಳು ಹತ್ತಿರವಾಗುತ್ತಿದ್ದವು. ಅವನು ಹಗ್ಗವನ್ನು ವಿಂಚಿಗೆ ಎರಡು ಸುತ್ತು ಹಾಕಿ ಹಿಡಿಕೆಯನ್ನು ಅರ್ಧ ತಿರುಗಿಸಿದನು. ಮರುಕ್ಷಣವೇ ಕೈ ತೆಗೆದು, ಹಗ್ಗವನ್ನು ವಿಂಚಿನಿಂದ ಬಿಡಿಸಿದನು. "ಕೈಗೆ ಬರಲಿಲ್ಲಂದ್ರ ವಿಂಚಿಗೂ ಬರಬಾರದ್ರಿ ಮಾಮಾ" ಎಂದನು.

ಆ ಮಾತಿನ ಅರ್ಥವು ನನಗೆ ಆಮೇಲೆ ತಿಳಿಯಿತು. ಹಗ್ಗವು ನಿಲ್ಲುವದಕ್ಕೆ ಎರಡು ಕಾರಣಗಳು ಮುಖ್ಯ. ಒಂದು, ಕಂಬದ ತಲೆಯಲ್ಲಿ ಏರುಹಗ್ಗವು ತಿರುಗಣೆಯೊಡನೆ ತಾನೂ ತಿರುಗಿ ಉಕ್ಕಿನ ತಂತಿಗೆ ಬಳ್ಳಿಯಂತೆ ಸುತ್ತಿಕೊಂಡಿರಬಹುದು. ಅದನ್ನು ತಪ್ಪಿಸಲು ಏರುಹಗ್ಗವು ತಂತಿಗೆ ಸಮಾನಾಂತರವಾಗಿರದೆ ಸ್ವಲ್ಪ ಓರೆಯಾಗಿ ಬರುವಂತೆ 'ರೆಸ್ಟ್ರೇನರ್' ಎಂಬ ಸಣ್ಣ ತಡೆಯನ್ನು ಕೂಡಿಸುತ್ತಾರೆ. ಹಾಗೆ ಸುತ್ತಿಕೊಂಡಾಗ ವಿಂಚಿನ ಬಲದಿಂದ ಎಳೆದರೆ ಉಕ್ಕಿನ ತಂತಿಯ ಎಳೆಗಳು ಕಡಿಯುವವು. ಆ ತಂತಿಯು ಹೋದರೆ ಕಂಬವೇ ಹಿಂದಕ್ಕೆ, ನಮ್ಮ ತಲೆಯ ಮೇಲೆ ಬೀಳುವದು. ಎರಡನೆಯ ಕಾರಣ, ಬುಡದ ಉರುಳೆಯಲ್ಲಿ ಹಗ್ಗದ ಒಂದು ಸುತ್ತು ಇನ್ನೊಂದರ ಕೆಳಗೆ ಹೂತುಹೋಗಿರಬಹುದು. ಆಗ ಎಳೆದಷ್ಟೂ ಅದು ಗಂಟಾಗುವದು. ಯಾವುದಾದರೂ ಇರಲಿ, ಬಲವನ್ನು ಹೆಚ್ಚಿಸಿದರೆ ಕೇಡೇ. ವಿಂಚಿನ ಬಲವು ಬಹಳ. ಆದರೆ ಆಚೆಯ ತುದಿಯಲ್ಲಿ ಏನು ನಡೆದಿದೆಯೆಂಬುದು ಅದಕ್ಕೆ ತಿಳಿಯದು. ಅಂಗೈಗೆ ಬಲ ಕಡಿಮೆ, ಅರಿವು ಹೆಚ್ಚು.

ಅವನು ಒಮ್ಮೆ ಕಂಬದ ತಲೆಯನ್ನೂ ಒಮ್ಮೆ ಉರುಳೆಯನ್ನೂ ನೋಡಿದನು. ಎದೆಗೆ ಪಟ್ಟಿಯನ್ನು ಬಿಗಿದುಕೊಂಡು, ದೋಣಿಯುದ್ದಕ್ಕೂ ಹಾಸಿದ ಪಟ್ಟಿಹಗ್ಗಕ್ಕೆ ಅದರ ಕೊಂಡಿಯನ್ನು ಸಿಕ್ಕಿಸಿ, "ಮಾಮಾ, ಚುಕ್ಕಾಣಿ ಹಿಡೀರಿ. ಆ ಕೆಂಪು ಹಡಗಿನ ಬಲಕ್ಕ ಮಾರಿ ಇರ್ಲಿ. ಆ ಕಡೆ ಈ ಕಡೆ ತಿರುವಬ್ಯಾಡ್ರಿ" ಎಂದು ಹೇಳಿ, ಹೊಟ್ಟೆಯ ಮೇಲೆ ತೆವಳುತ್ತ ಮುಂದಕ್ಕೆ ಹೋದನು. ನಾನು ಕೆಂಪು ಹಡಗನ್ನೇ ನೋಡಬೇಕಾಗಿತ್ತು; ಅದರ ಬಲಕ್ಕೆ ಅವನ ಅಂಗಾಲುಗಳೂ ಕಾಣುತ್ತಿದ್ದವು. ಮುಂತುದಿಯು ಇಳಿದಾಗ ನೀರು ಅವನ ಮೈಮೇಲೆ ಹಾಯುತ್ತಿತ್ತು. ಎಷ್ಟು ಹೊತ್ತು ಹಾಗಿದ್ದನೋ ನಾನು ಹೇಳಲಾರೆ. ಅವನು ಐದು ನಿಮಿಷವೆನ್ನುತ್ತಾನೆ. ಹೂತುಹೋದ ಸುತ್ತನ್ನು ಬೆರಳಿನಿಂದ ಎಬ್ಬಿಸಿ ಬಿಡಿಸಿ, ಹೋದಂತೆಯೇ ತೆವಳುತ್ತ ಬಂದು, ಹಗ್ಗವನ್ನೆಳೆದರೆ ಹಾಯಿಯು ಮಗುವು ತೊಟ್ಟಿಲ ಬಟ್ಟೆಯಲ್ಲಿ ಸುತ್ತಿಕೊಂಡಂತೆ ಸುತ್ತಿಕೊಂಡಿತು. ಅಷ್ಟರಲ್ಲಿ ಮಳೆಯು ಬಂದು ಹಡಗುಗಳೆಲ್ಲ ಮಾಯವಾದವು. ಸಣ್ಣ ಯಂತ್ರವನ್ನು ಹಚ್ಚಿ, ಮಳೆ ನಿಂತ ಮೇಲೆ ಕತ್ತಲೆಯಲ್ಲಿ ದಡ ಸೇರಿದೆವು.

ತಂಗಿಯ ಶರತ್ತಿನ ಅಕ್ಷರವು ಮುರಿಯಲಿಲ್ಲ. ಅವನು ಒಬ್ಬನೇ ಇರಲಿಲ್ಲ, ನಾನಿದ್ದೆನು. ನಾನಿದ್ದು ಮಾಡಬಹುದಾದುದೇನೆಂಬುದನ್ನು ವಾಚಕರು ಊಹಿಸಬಲ್ಲರು. ಹದಿನೈದು ದಿನಗಳ ಮೇಲೆ ಅವನು ಮಸಗುಪ್ಪಿಗೆ ಬಂದಾಗ, ಊಟಕ್ಕೆ ಬಡಿಸುತ್ತ, ತಂಗಿಯು ಕೇಳಿಯೇ ಕೇಳಿದಳು: "ಮುಂದ ಹೋಗಿದ್ದೇನೋ?" ನಾನು ತಲೆಯೆತ್ತಲಿಲ್ಲ. "ಹೂಂ ಅವ್ವಾ, ಹೋಗಿದ್ದೆ" ಎಂದನು. ರೊಟ್ಟಿಯನ್ನು ಹಾಕುತ್ತಿದ್ದ ಅವಳ ಕೈ ಒಂದು ಗಳಿಗೆ ನಿಂತಿತು. "ಯಾಕ?" ಎಂದು ಕೇಳಿದಳು.

ಅವನು ಉರುಳೆಯ ಕಥೆಯನ್ನು ಹೇಳಿದನು. ಬೆರಳಿಗೆ ದಾರವನ್ನು ಸುತ್ತಿ ತೋರಿಸಿದನು. ಅವಳು ಪೂರಾ ಕೇಳಿ, "ಬಿಡೂವಾಗ ಸಡಲ ಬಿಟ್ಟೀ" ಎಂದಳು. ನಮ್ಮ ತಾಯಿಯು ಖಾದಿಯ ಕಾಲದವಳು. ಚರಕದ ಮುಂದೆ ಕುಳಿತು ನಾವಿಬ್ಬರೂ ಬೆಳೆದೆವು. ಕದರಿಗೆ ನೂಲು ಸುತ್ತುವಾಗ ಕೈಯಲ್ಲಿ ಬಿಗಿಯಿಲ್ಲದಿದ್ದರೆ ಸುತ್ತುಗಳು ಸಡಿಲಾಗಿ ಕೂಡುವವು; ಅವುಗಳ ಮೇಲೆ ಬಿಗಿಯಾದ ಸುತ್ತು ಬಿದ್ದರೆ ಅದು ಒಳಗೆ ಹೂತುಹೋಗುವದು; ಬಿಚ್ಚುವಾಗ ನೂಲು ಹರಿಯುವದು. ತಾಯಿಯ ಕೈಯಿಂದ ಇದಕ್ಕಾಗಿ ತಂಗಿಯು ತಿಂದ ಏಟುಗಳನ್ನು ನಾನು ಬಲ್ಲೆ. ಉರುಳೆಯು ಸಿಕ್ಕಿಕೊಂಡದ್ದು ಸಂಜೆಯ ಗಾಳಿಯಲ್ಲಲ್ಲ, ಎರಡು ತಾಸು ಮೊದಲು, ಹಾಯಿಯು ಒಮ್ಮೆಲೇ ತೆರೆದು ಹಗ್ಗವು ಸಡಿಲಾಗಿ ಓಡಿದ ಆ ಕ್ಷಣದಲ್ಲಿಯೇ ಎಂಬುದನ್ನು ಅವಳು ರೊಟ್ಟಿಯ ಬುಟ್ಟಿಯನ್ನು ಕೆಳಗಿಡದೆಯೇ ಕಂಡುಹಿಡಿದಳು. ಈಗ ಅವನು ಹಾಯಿ ಬಿಚ್ಚುವಾಗಲೆಲ್ಲ ಸಣ್ಣ ಹಗ್ಗವನ್ನು ಒಂದು ಗೂಟಕ್ಕೆ ಅರೆಸುತ್ತು ಹಾಕಿ, ತಡೆತಡೆದು ಬಿಡುತ್ತಾನೆ. ಉರುಳೆಗೆ ಹಗ್ಗವು ನೇರವಾಗಿ ಕೂಡುವಂತೆ ಮುಂದಿನ ಗಾಲಿಯನ್ನು ಸರಿಸಿ ಕೂಡಿಸಿದ್ದಾನೆ. ಶರತ್ತನ್ನು ತಂಗಿಯು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ತಿದ್ದಿದಳು: "ಹೋಗೂದs ಬಂದ್ರ ಕಟ್ಟಿಕೊಂಡು ಹೋಗು. ಮತ್ತ ಬಂದು ಹೇಳು."

ಇನ್ನೊಂದು ಮಾತು ಉಳಿದಿದೆ, ಅದು ಮಳೆಗಾಲದ್ದು. ನಮ್ಮ ಪಡುವಣ ಕರಾವಳಿಯ ಮಚವೆ ಪತ್ತೆಮಾರಿಗಳು ಮಳೆಗಾಲದಲ್ಲಿ ಸಮುದ್ರಕ್ಕಿಳಿಯುತ್ತಿರಲಿಲ್ಲ. ನೂಲಹುಣ್ಣಿಮೆಯ ದಿನ ಸಮುದ್ರಕ್ಕೆ ತೆಂಗಿನಕಾಯಿಯನ್ನು ಅರ್ಪಿಸಿದ ಮೇಲೆಯೇ ಹಾಯಿ ಬಿಚ್ಚುತ್ತಿದ್ದರು. ಸುರುಳಿಯ ಹಾಯಿಯು ಇದ್ದಲ್ಲಿಯೇ ಸುತ್ತಿಕೊಂಡಿರುವದರಿಂದ ಅದನ್ನು ಹಾಗೆಯೇ ಬಿಟ್ಟುಬಿಡುವ ಆಸೆ ಯಾರಿಗೂ ಆಗುವದು. ಆದರೆ ಬಿಗಿದ ಸುರುಳಿಯಲ್ಲಿಯೂ ಎಲ್ಲಿಯಾದರೊಂದು ಕಡೆ ಗಾಳಿಯು ಬೆರಳು ತೂರಿಸಿತೆಂದರೆ ತಾಸಿನೊಳಗೆ ಹಾಯಿಯು ಚಿಂದಿಯಾಗುವದು. ದೋಣಿಯು ಲಂಗರನ್ನೇ ಕಿತ್ತುಕೊಂಡು ಹೋಗುವದೂ ಉಂಟು. ೨೦೨೧ರ ಮೇ ತಿಂಗಳಿನಲ್ಲಿ ತೌಕ್ತೆ ಚಂಡಮಾರುತವು ಗೋವೆಯ ಮಗ್ಗುಲಿಂದ ಹಾಯ್ದುಹೋದುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ಅವನು ಪ್ರತಿವರ್ಷ ಮೇ ಮುಗಿಯುವ ಮೊದಲೇ, ಗಾಳಿಯಿಲ್ಲದ ಒಂದು ಬೆಳಗಿನ ಜಾವ, ಹಾಯಿಯನ್ನು ಪೂರಾ ಬಿಚ್ಚಿ, ಇಳಿಸಿ, ಸಿಹಿನೀರಿನಲ್ಲಿ ತೊಳೆದು ಒಣಗಿಸಿ, ಮಡಚಿ, ಗೋವೆಯ ತೇವದಲ್ಲಿ ಬೂಸಲು ಹಿಡಿಯಬಾರದೆಂದು ಮಸಗುಪ್ಪಿಗೆ ತಂದಿಡುತ್ತಾನೆ. ನಮ್ಮ ಅಟ್ಟದ ಮೇಲೆ ಜೋಳದ ಚೀಲಗಳ ಬಳಿ, ಇಲಿ ಮುಟ್ಟದಂತೆ ತಗಡಿನ ಪೆಟ್ಟಿಗೆಯಲ್ಲಿ ಅದು ನಾಲ್ಕು ತಿಂಗಳು ಮಲಗಿರುತ್ತದೆ.

ಸುತ್ತಿದಾಗ ಹೊರಗೆ ಉಳಿದು ಬಿಸಿಲನ್ನೆಲ್ಲ ಕುಡಿಯುವದು ಹಾಯಿಯ ಹಿಂದಿನ ಮತ್ತು ಕೆಳಗಿನ ಅಂಚು. ಅದನ್ನು ಕಾಯಲೆಂದು ನೀಲಿಯ ಬಣ್ಣದ ಬೇರೊಂದು ಬಟ್ಟೆಯ ಪಟ್ಟಿಯನ್ನು ಅಂಚಿನುದ್ದಕ್ಕೂ ಹೊಲಿದಿರುತ್ತಾರೆ. ಬಿಸಿಲಿಗೆ ಮೊದಲು ಸಾಯುವದು ಬಟ್ಟೆಯಲ್ಲ, ಹೊಲಿಗೆಯ ದಾರ. ಈ ಸಾರೆ ಪಟ್ಟಿಯ ಹೊಲಿಗೆಯು ಅಲ್ಲಲ್ಲಿ ಬಿಟ್ಟಿತ್ತು. ಪಡಸಾಲೆಯಲ್ಲಿ ಹಾಯಿಯನ್ನು ಹಾಸಿದರೆ ಅದು ದೇವರಮನೆಯ ಹೊಸ್ತಿಲನ್ನು ದಾಟಿ ಅಡಿಗೆಮನೆಯ ಬಾಗಿಲಿನವರೆಗೆ ಬಂದಿತು. ತಂಗಿಯು ಕನ್ನಡಕವನ್ನು ಹಾಕಿಕೊಂಡು, ದಬ್ಬಳದಿಂದ, ಅವನು ತಂದ ಮೇಣದ ಪಾಲಿಯೆಸ್ಟರ್ ದಾರದಿಂದ, ದಿನಕ್ಕೆ ಎರಡು ಮೂರು ಮೊಳ ಹೊಲಿಯುತ್ತ ಬಂದಳು. ಹಳೆಯ ತೂತುಗಳಲ್ಲಿಯೇ ಸೂಜಿಯನ್ನು ಹಾಯಿಸಬೇಕು, ಹೊಸ ತೂತು ಬಿದ್ದರೆ ಬಟ್ಟೆಯು ಆ ಗುಂಟ ಸೀಳುವದೆಂದು ಅವನು ಹೇಳಿ ಹೋಗಿದ್ದನು. ಅವಳು ಅದನ್ನು ತಪ್ಪದೆ ಪಾಲಿಸಿದಳು. ನೂಲಹುಣ್ಣಿಮೆಗೆ ಇನ್ನೂ ಒಂದು ವಾರವಿರುವಾಗ ಕೆಲಸವು ಮುಗಿಯಿತು. ಮಿಕ್ಕ ದಾರವನ್ನು ಅವಳು ಬಿಗಿಯಾಗಿ ಉಂಡೆ ಸುತ್ತಿ ಹಾಯಿಯ ಪೆಟ್ಟಿಗೆಯಲ್ಲಿಯೇ ಇಟ್ಟಿದ್ದಾಳೆ.